ಗರಡಿಯ ಮಣ್ಣು

ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಇಂದಿಗೂ ಗರಡಿಮನೆಗಳು ಉಳಿದಿವೆ. ಅವುಗಳಲ್ಲಿ ಹಲವದರ ಬಾಗಿಲು ಬಹಳ ಗಿಡ್ಡ. ಎಂತಹ ಪೈಲ್ವಾನನಾದರೂ ತಲೆ ತಗ್ಗಿಸಿಯೇ ಒಳಹೊಗಬೇಕು. ಒಳಗೆ ಆಂಜನೇಯನ ಪಟ, ಗೋಡೆಗೊರಗಿದ ಗದೆಗಳು, ನಡುವೆ ಕೆಮ್ಮಣ್ಣಿನ ಅಖಾಡ.

ಹೊಸದಾಗಿ ಸೇರಿದ ಹುಡುಗನು ಪಟ್ಟುಗಳನ್ನು ಕಲಿಯುವ ಆತುರದಲ್ಲಿರುತ್ತಾನೆ. ಆದರೆ ಅವನ ಕೈಗೆ ಮೊದಲು ಬರುವುದು ಗುದ್ದಲಿ. ಜರಡಿಯಾಡಿದ ಕೆಮ್ಮಣ್ಣಿಗೆ ಎಣ್ಣೆ, ಅರಿಸಿನ ಮುಂತಾದವನ್ನು ಬೆರೆಸಿ ಹದಗೊಳಿಸುತ್ತಾರೆ. ಇದೇ ಮಟ್ಟಿ. ಇದನ್ನು ಆಗಾಗ ಅಗೆದು ಸಡಿಲಿಸದಿದ್ದರೆ ನೆಲ ಗಡುಸಾಗಿ, ಬಿದ್ದವನ ಮೂಳೆ ಮುರಿದೀತು. ಬೀಳುವವನು ತಾನೇ ಆಗಬಹುದು, ಜೊತೆಗಾರನೂ ಆಗಬಹುದು. ಅಗೆಯುವುದರಿಂದ ತೋಳು ಗಟ್ಟಿಯಾಗುವುದು ನಿಜ; ಇನ್ನೊಬ್ಬನ ಮೈಯ ಹೊಣೆ ತನ್ನ ಮೇಲಿದೆ ಎಂಬ ಅರಿವೂ ಅಲ್ಲಿಯೇ ಮೊಳೆಯುತ್ತದೆ.

ಬಳಿಕ ದಂಡ, ಬಸ್ಕಿಗಳ ಸಾಮು. ಇದು ಹೊಸ ಕಟ್ಟುಪಾಡೇನೂ ಅಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿಯೇ ಮಲ್ಲರ ಆಹಾರ, ಅಭ್ಯಾಸಗಳ ವಿವರಗಳುಂಟು.

ನಿಜವಾದ ಪರೀಕ್ಷೆ ಜೋಡಿ ಹಿಡಿದಾಗ ಒದಗುತ್ತದೆ. ಬೆನ್ನು ನೆಲಕ್ಕೆ ತಾಗಿದರೆ ಕುಸ್ತಿಯಲ್ಲಿ ಸೋಲು. ಅಭ್ಯಾಸದಲ್ಲಿ ಹೊಸಬನ ಬೆನ್ನಿಗೆ ಎಷ್ಟು ಸಲ ಮಣ್ಣು ಹತ್ತುತ್ತದೆಯೆಂದು ಯಾರೂ ಎಣಿಸುವುದಿಲ್ಲ. ಪರೀಕ್ಷೆಯಲ್ಲಿ ಒಮ್ಮೆ ನಪಾಸಾದರೆ ಮನೆಯಿಂದ ಹೊರಬರಲು ನಾಚುವ ಹುಡುಗನು ಇಲ್ಲಿ ಮೈಕೊಡವಿ ಎದ್ದು ಮತ್ತೆ ಕೈ ಕೊಡುತ್ತಾನೆ. ಮೊದಮೊದಲು ಅವನಿಗೆ ಕೋಪ ಬರುವುದುಂಟು. ಕೋಪ ಬಂದರೆ ಮೈ ಬಿಗಿಯುತ್ತದೆ, ಉಸಿರು ಕಟ್ಟುತ್ತದೆ, ಎದುರಾಳಿಯ ಭಾರ ಯಾವ ಕಾಲಿನಿಂದ ಯಾವ ಕಾಲಿಗೆ ಸರಿಯಿತೆಂಬುದೇ ತಿಳಿಯದೆ ಹೋಗುತ್ತದೆ. ಮರುಕ್ಷಣವೇ ಅವನು ಮತ್ತೆ ಮಣ್ಣಿನಲ್ಲಿ! ಹೀಗೆ ಶಾಂತಿಯ ಬೆಲೆಯನ್ನು ಉಸ್ತಾದರ ಉಪದೇಶಕ್ಕಿಂತ ಅವನ ಬೆನ್ನೇ ಅವನಿಗೆ ಚೆನ್ನಾಗಿ ತಿಳಿಸುತ್ತದೆ.

ಬಲವನ್ನು ಪ್ರಯೋಗಿಸುವಂತೆ ತಕ್ಕ ಸಮಯದಲ್ಲಿ ತಡೆಹಿಡಿಯುವುದೂ ಒಂದು ವಿದ್ಯೆ. ಬೀದಿಯಲ್ಲಿ ಜಗಳಕ್ಕೆ ನಿಲ್ಲುವ ಪೈಲ್ವಾನನು ಅರ್ಧ ಮಾತ್ರ ಕಲಿತವನು. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ವಜ್ರಮುಷ್ಟಿ ಕಾಳಗವನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ತಲೆ ಬೋಳಿಸಿಕೊಂಡ ಜಟ್ಟಿಗಳು ಮೊನೆಯುಳ್ಳ ಮುಷ್ಟಿಯಾಯುಧವನ್ನು ಧರಿಸಿ ಎದುರುಬದುರಾಗುತ್ತಾರೆ. ನೋಡುವವರ ಎದೆ ನಡುಗುತ್ತದೆ. ಒಬ್ಬನ ತಲೆಯಲ್ಲಿ ಒಂದು ಹನಿ ರಕ್ತ ಕಾಣಿಸಿತೋ, ಕಾಳಗ ಮುಗಿಯಿತು. ಎತ್ತಿದ ಕೈ ಅಲ್ಲಿಗೇ ಇಳಿಯಬೇಕು. ಕೆಲವೇ ಕ್ಷಣಗಳ ಈ ಹೋರಾಟಕ್ಕಾಗಿ ಜಟ್ಟಿಗಳು ವಾರಗಟ್ಟಲೆ ಸಾಮು ಮಾಡಿರುತ್ತಾರೆ.