ಹೊಸದಾಗಿ ಕಲಿಯುವವರಿಗೆ ಒಳ್ಳೆಯ ಗಿಟಾರ್ ಬೇಕೆ?

ಮಗುವೊಂದು ಗಿಟಾರ್ ಕಲಿಯಬೇಕೆಂದು ಹಟ ಹಿಡಿದರೆ ಮನೆಯವರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: 'ಮೊದಲು ಅಗ್ಗದ್ದು ತೆಗೆದುಕೊಳ್ಳೋಣ, ಚೆನ್ನಾಗಿ ಕಲಿತರೆ ಒಳ್ಳೆಯದನ್ನು ಕೊಡಿಸಿದರಾಯಿತು.' ಕೆಲವು ತಿಂಗಳಲ್ಲಿ ಬೆರಳ ತುದಿ ನೋಯುತ್ತದೆ, ನುಡಿಸಿದ್ದು ಅಪಸ್ವರವಾಗುತ್ತದೆ, ಗಿಟಾರ್ ಅಟ್ಟ ಸೇರುತ್ತದೆ. 'ನಮ್ಮ ಮಗುವಿಗೆ ಸ್ವರಜ್ಞಾನವಿಲ್ಲ' ಎಂಬ ತೀರ್ಪೂ ಹೊರಬೀಳುತ್ತದೆ. ಆದರೆ ತಪ್ಪು ಮಗುವಿನದೋ, ವಾದ್ಯದ್ದೋ? ಇದನ್ನು ಅಳತೆಪಟ್ಟಿ ಹಿಡಿದು ನಿರ್ಧರಿಸಬಹುದು. ಪ್ರೌಢಶಾಲೆಯ ಭೌತವಿಜ್ಞಾನವೇ ಅದಕ್ಕೆ ಬಹುಮಟ್ಟಿಗೆ ಸಾಕು.

ಎಳೆದು ಕಟ್ಟಿದ ತಂತಿಯ ನಿಯಮ

ತಂತಿಯ ಕಂಪನದ ನಿಯಮಗಳನ್ನು ಫ್ರಾನ್ಸಿನ ಮರಾಂ ಮರ್ಸೆನ್ 1636ರಲ್ಲಿ ಪ್ರಕಟಿಸಿದನು. ಆವೃತ್ತಿಯು ತಂತಿಯ ಉದ್ದಕ್ಕೆ ವಿಲೋಮಾನುಪಾತದಲ್ಲಿಯೂ ಎಳೆತದ ವರ್ಗಮೂಲಕ್ಕೆ ನೇರ ಅನುಪಾತದಲ್ಲಿಯೂ ಏಕಮಾನ ಉದ್ದದ ದ್ರವ್ಯರಾಶಿಯ ವರ್ಗಮೂಲಕ್ಕೆ ವಿಲೋಮಾನುಪಾತದಲ್ಲಿಯೂ ಇರುತ್ತದೆ. ಗಿಟಾರಿನ ಆರು ತಂತಿಗಳ ಉದ್ದ ಹೆಚ್ಚುಕಡಿಮೆ ಒಂದೇ, ಸುಮಾರು 650 ಮಿ.ಮೀ. ಅತ್ಯಂತ ದಪ್ಪನೆಯ ತಂತಿ ಸೆಕೆಂಡಿಗೆ ಸುಮಾರು 82 ಬಾರಿ, ಅತ್ಯಂತ ತೆಳುವಾದದ್ದು ಸುಮಾರು 330 ಬಾರಿ ಕಂಪಿಸಬೇಕು.

ತೆಳುವಾದ ಉಕ್ಕಿನ ತಂತಿಯ ವ್ಯಾಸ ಸುಮಾರು 0.3 ಮಿ.ಮೀ. ಅದು 330 ಹರ್ಟ್ಸ್ ಆವೃತ್ತಿಯಲ್ಲಿ ಕಂಪಿಸಲು ಬೇಕಾದ ಎಳೆತವನ್ನು ಈ ನಿಯಮದಿಂದ ಲೆಕ್ಕ ಹಾಕಿ ನೋಡಿ. ಸುಮಾರು 105 ನ್ಯೂಟನ್ ಬರುತ್ತದೆ. ಎಂದರೆ ಹತ್ತೂವರೆ ಕಿಲೋಗ್ರಾಂಗೂ ತುಸು ಹೆಚ್ಚಿನ ಭಾರವನ್ನು ಆ ತಂತಿಗೆ ತೂಗುಹಾಕಿದಂತೆ! ಆರೂ ಉಕ್ಕಿನ ತಂತಿಗಳ ಒಟ್ಟು ಎಳೆತ ಸುಮಾರು 70 ಕಿ.ಗ್ರಾಂ. ಭಾರಕ್ಕೆ ಸಮ. ನೈಲಾನ್ ತಂತಿಗಳಾದರೆ ಸುಮಾರು 40 ಕಿ.ಗ್ರಾಂ. ವಯಸ್ಕನೊಬ್ಬನ ತೂಕದಷ್ಟು ಬಲ ಹಗಲಿರುಳು ಗಿಟಾರಿನ ಕೊರಳನ್ನು ಬಾಗಿಸಲು ನೋಡುತ್ತಿರುತ್ತದೆ. ಅಗ್ಗದ ಮರ, ಸಡಿಲ ಅಂಟು ಇದ್ದಲ್ಲಿ ಮೊದಲು ಸೋಲುವುದೇ ಈ ಕೊರಳು.

ಮೆಟ್ಟಿಲುಗಳ ಗಣಿತ

ಫ್ರೆಟ್ ಎಂದು ಕರೆಯುವ ಲೋಹದ ಮೆಟ್ಟಿಲುಗಳು ಕಂಪಿಸುವ ತಂತಿಯ ಉದ್ದವನ್ನು ಕಡಿಮೆ ಮಾಡುತ್ತವೆ. ಒಂದು ಸ್ಥಾಯಿಯಲ್ಲಿ 12 ಮೆಟ್ಟಿಲು. ಸ್ಥಾಯಿ ಮುಗಿದಾಗ ಆವೃತ್ತಿ ಇಮ್ಮಡಿಯಾಗಬೇಕು. ಆದ್ದರಿಂದ ಪ್ರತಿ ಮೆಟ್ಟಿಲಿಗೂ ಆವೃತ್ತಿ 2ರ ಹನ್ನೆರಡನೆಯ ಮೂಲದಷ್ಟು, ಎಂದರೆ 1.0595 ಪಟ್ಟು, ಏರಬೇಕು. 650 ಮಿ.ಮೀ. ತಂತಿಯಲ್ಲಿ ಮೊದಲನೆಯ ಮೆಟ್ಟಿಲು ಮೇಲ್ತುದಿಯಿಂದ 36.5 ಮಿ.ಮೀ., ಐದನೆಯದು 163.1 ಮಿ.ಮೀ., ಏಳನೆಯದು 216.2 ಮಿ.ಮೀ., ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ 325 ಮಿ.ಮೀ. ದೂರದಲ್ಲಿರಬೇಕು.

ಗೆಲಿಲಿಯೊನ ತಂದೆ ವಿಂಚೆಂಜೊ ಗೆಲಿಲಿ ಸ್ವತಃ ಲ್ಯೂಟ್ ವಾದಕ. ಉಳಿದ ಉದ್ದದ 18ನೆಯ ಒಂದು ಭಾಗದಷ್ಟು ಮುಂದೆ ಸರಿದು ಮುಂದಿನ ಮೆಟ್ಟಿಲು ಇಡಬೇಕೆಂಬ ಸುಲಭ ಸೂತ್ರವನ್ನು ಅವನು 1581ರಲ್ಲಿ ಪ್ರಕಟಿಸಿದ. ಇಂದು ಬಳಸುವ ಸಂಖ್ಯೆ 17.817. 18 ಬಳಸಿದರೆ ಹನ್ನೆರಡನೆಯ ಮೆಟ್ಟಿಲು ಸುಮಾರು 2.4 ಮಿ.ಮೀ. ಹಿಂದೆ ಬಿದ್ದು ಸ್ವರ ಇಳಿಯುತ್ತದೆ. ಎರಡು ಪಕ್ಕದ ಮೆಟ್ಟಿಲುಗಳ ಅಂತರವನ್ನು ನೂರು ಸೆಂಟ್ ಎಂದು ಭಾಗಿಸುವುದು ವಾಡಿಕೆ. ಈ ಲೆಕ್ಕದಲ್ಲಿ ಹನ್ನೆರಡನೆಯ ಮೆಟ್ಟಿಲಿನ ಬಳಿ 1 ಮಿ.ಮೀ. ತಪ್ಪಿದರೆ ಸ್ವರ ಸುಮಾರು 5 ಸೆಂಟ್ ತಪ್ಪುತ್ತದೆ. ಪಳಗಿದ ಕಿವಿ ಇಷ್ಟನ್ನು ಗುರುತಿಸಬಲ್ಲದು.

ನಮ್ಮ ವೀಣೆಯಲ್ಲಿ ಈ ತೊಂದರೆಗೆ ಪರಿಹಾರವಿದೆ. ಅದರ 24 ಮೆಟ್ಟಿಲುಗಳು ಮೇಣದಲ್ಲಿ ಕೂತಿರುತ್ತವೆ. ನುರಿತವರು ಮೇಣ ಕಾಯಿಸಿ, ಕಿವಿಯಿಂದಲೇ ಸ್ವರ ನೋಡಿ ಅವನ್ನು ಹೊಸದಾಗಿ ಕೂರಿಸಬಲ್ಲರು. ಗಿಟಾರಿನ ಮೆಟ್ಟಿಲುಗಳಾದರೋ ಮರದ ಸೀಳಿನಲ್ಲಿ ಬಡಿದು ಕೂರಿಸಿದವು. ಸೀಳು ತಪ್ಪಿದ್ದರೆ ಆ ಗಿಟಾರ್ ಜೀವಮಾನವಿಡೀ ಅಪಸ್ವರವೇ.

ಎತ್ತರವೆಂಬ ಗುಪ್ತ ಶತ್ರು

ಮೆಟ್ಟಿಲು ಸರಿಯಿದ್ದರೂ ಮುಗಿಯಲಿಲ್ಲ. ತಂತಿ ಮೆಟ್ಟಿಲಿನಿಂದ ಎಷ್ಟು ಮೇಲಿದೆ ಎಂಬುದು ಇನ್ನೂ ಮುಖ್ಯ. ಒತ್ತಿದಾಗ ತಂತಿ ತುಸು ಹಿಗ್ಗುತ್ತದೆ, ಎಳೆತ ಹೆಚ್ಚುತ್ತದೆ, ಸ್ವರ ಏರುತ್ತದೆ. ಎಷ್ಟು? ತಂತಿಯ ನಡುವೆ 2.5 ಮಿ.ಮೀ. ಕೆಳಗೆ ಒತ್ತಿದಾಗ ಉಂಟಾಗುವ ತ್ರಿಭುಜಕ್ಕೆ ಪೈಥಾಗೊರಸ್ ಪ್ರಮೇಯ ಅನ್ವಯಿಸಿ. ಉದ್ದ ಹೆಚ್ಚುವುದು ಕೇವಲ 0.02 ಮಿ.ಮೀ.ನಷ್ಟು. ಆದರೆ ಉಕ್ಕು ಬಹಳ ಬಿರುಸಾದ ವಸ್ತು. ಅದರ ಯಂಗ್ ಗುಣಾಂಕವನ್ನು ಬಳಸಿದರೆ ಎಳೆತ ಸುಮಾರು 0.4 ನ್ಯೂಟನ್ ಹೆಚ್ಚಿ, ಸ್ವರ ಮೂರೂವರೆ ಸೆಂಟ್ ಏರುತ್ತದೆಂದು ತಿಳಿಯುತ್ತದೆ. ತಂತಿಯ ಕೆಳತುದಿಯನ್ನು ಹೊರುವ ಸ್ಯಾಡಲ್ ಪಟ್ಟಿಯನ್ನು ತುಸು ಹಿಂದಕ್ಕಿಟ್ಟು ತಯಾರಕರು ಇದನ್ನು ಸರಿದೂಗಿಸುತ್ತಾರೆ.

ಈಗ ಎತ್ತರ 5 ಮಿ.ಮೀ. ಎಂದುಕೊಳ್ಳಿ. ಹಿಗ್ಗುವಿಕೆ ಎತ್ತರದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ತಪ್ಪು ಎರಡು ಪಟ್ಟಲ್ಲ, ನಾಲ್ಕು ಪಟ್ಟು ಆಗುತ್ತದೆ. ಎಂದರೆ ಸುಮಾರು 14 ಸೆಂಟ್! ಸ್ಯಾಡಲ್ ಅದನ್ನು ಸರಿದೂಗಿಸಲಾರದು. ಒತ್ತಲು ಬೇಕಾದ ಬಲವೂ ಇಮ್ಮಡಿಯಾಗುತ್ತದೆ.

ಮೊದಲ ಮೆಟ್ಟಿಲಿನ ಬಳಿ ಸಂಕಟ ಇನ್ನೂ ಹೆಚ್ಚು. ಅಲ್ಲಿ ಕೇವಲ 1 ಮಿ.ಮೀ. ಒತ್ತುವುದಕ್ಕೆ ಬೇಕಾದ ಬಲ, ತಂತಿಯ ನಡುವೆ 2.5 ಮಿ.ಮೀ. ಒತ್ತುವುದಕ್ಕೆ ಬೇಕಾದುದರ ಸುಮಾರು ಎರಡರಷ್ಟು. ಬಾವಿಯ ಹಗ್ಗವನ್ನು ರಾಟೆಯ ಹತ್ತಿರ ಪಕ್ಕಕ್ಕೆ ತಳ್ಳುವುದು ನಡುವೆ ತಳ್ಳುವುದಕ್ಕಿಂತ ಕಷ್ಟವಲ್ಲವೆ? ಇದೂ ಹಾಗೆಯೇ. ಹೊಸಬರು ನುಡಿಸುವ ಕಾರ್ಡ್‌ಗಳೆಲ್ಲ ಮೊದಲ ಮೂರು ನಾಲ್ಕು ಮೆಟ್ಟಿಲುಗಳಲ್ಲೇ ಇರುತ್ತವೆ. ಮೇಲ್ತುದಿಯಲ್ಲಿ ತಂತಿ ಕೂರುವ ನಟ್ ಎಂಬ ಪಟ್ಟಿಯ ಗಾಡಿಗಳನ್ನು ಸಾಕಷ್ಟು ಆಳವಾಗಿ ಕೊರೆಯದಿದ್ದರೆ ಮಗು ಅನಗತ್ಯ ನೋವು ತಿನ್ನುತ್ತದೆ. ಅಷ್ಟು ಶ್ರಮಪಟ್ಟು ಒತ್ತಿದ ಸ್ವರವೂ ಏರಿಯೇ ಕೇಳುತ್ತದೆ. ಸರಿಯಾದ ಜಾಗದಲ್ಲಿ ಬೆರಳಿಟ್ಟರೂ ತಪ್ಪು ಸ್ವರ ಕೇಳುವ ಕಿವಿ ಕಲಿಯುವುದಾದರೂ ಏನನ್ನು?

ದುಬಾರಿ ಮರದ ಮಾತು

ಹಾಗಾದರೆ ಹೆಚ್ಚು ಬೆಲೆ ಕೊಟ್ಟಷ್ಟೂ ಒಳ್ಳೆಯದೆ? ಇಲ್ಲಿ ಎಚ್ಚರ ಬೇಕು. ಬೆಲೆ ಏರುವುದು ಬಹುಮಟ್ಟಿಗೆ ಮರದಿಂದ. ಪಶ್ಚಿಮ ಘಟ್ಟಗಳಲ್ಲಿ ಬೆಳೆಯುವ ನಮ್ಮ ಬೀಟೆ ಮರ ಗಿಟಾರಿನ ಬೆನ್ನು ಮತ್ತು ಪಕ್ಕಗಳಿಗೆ ಜಗತ್ತಿನೆಲ್ಲೆಡೆ ಹೆಸರುವಾಸಿ. ಆದರೆ ದನಿಯನ್ನು ಮುಖ್ಯವಾಗಿ ನಿರ್ಧರಿಸುವುದು ಮುಂಭಾಗದ ತೆಳು ಹಲಗೆ. ಇದನ್ನು ತೋರಿಸಲು ಸ್ಪೇನಿನ ಆಂಟೋನಿಯೊ ದೆ ಟೊರೆಸ್ 1862ರಲ್ಲೇ ಬೆನ್ನು, ಪಕ್ಕಗಳನ್ನು ರಟ್ಟಿನಿಂದ ಮಾಡಿ ಒಂದು ಗಿಟಾರ್ ಕಟ್ಟಿದ.

2018ರಲ್ಲಿ ಪ್ರಕಟವಾದ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಪ್ರಯೋಗವೊಂದು ಇನ್ನೂ ಸ್ವಾರಸ್ಯಕರ. ಬೆನ್ನು ಮತ್ತು ಪಕ್ಕಗಳ ಮರ ಬಿಟ್ಟು ಉಳಿದೆಲ್ಲ ಒಂದೇ ಆಗಿರುವ ಆರು ಗಿಟಾರುಗಳನ್ನು, ಮರ ಕಾಣದಂತೆ ಮಾಡಿ, 52 ವಾದಕರಿಗೆ ಕೊಡಲಾಯಿತು. ದುಬಾರಿ ಮರಕ್ಕೂ ಅಗ್ಗದ ಮರಕ್ಕೂ ಅವರು ಕೊಟ್ಟ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ.

ಮುಂಭಾಗಕ್ಕೆ ಒಂದೇ ಮರದ ಗಟ್ಟಿ ಹಲಗೆ ಇದ್ದರೆ ದನಿ ಚೆಂದ, ನಿಜ. ಆದರೆ ಮರ ತೇವ ಹೀರಿದರೆ ಎಳೆಗಳ ಅಡ್ಡಕ್ಕೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಮಂಗಳೂರಿನ ಮಳೆಗಾಲದಲ್ಲಿ ಅದು ಉಬ್ಬೀತು, ರಾಯಚೂರಿನ ಬೇಸಿಗೆಯಲ್ಲಿ ಸೀಳೀತು. ಎಳೆಗಳನ್ನು ಒಂದಕ್ಕೊಂದು ಅಡ್ಡವಾಗಿಟ್ಟು ಅಂಟಿಸಿದ ಪದರಗಳ ಹಲಗೆ ಇದನ್ನು ಹೆಚ್ಚು ತಾಳಿಕೊಳ್ಳುತ್ತದೆ. ವಾದ್ಯದ ಆರೈಕೆ ಇನ್ನೂ ತಿಳಿಯದ ಹೊಸಬರಿಗೆ ಇದೇ ಕ್ಷೇಮ.

ಆದ್ದರಿಂದ ಉತ್ತರ ಹೀಗೆ: ಜ್ಯಾಮಿತಿ ಸರಿಯಾಗುವವರೆಗೆ ಹಣ ಹಾಕಿ, ಮರಕ್ಕಾಗಿ ಈಗಲೇ ಹಾಕಬೇಡಿ. ಮೆಟ್ಟಿಲು, ಕೊರಳು, ಬಿರಡೆ ಸರಿಯಿರುವ ಸಾಧಾರಣ ಗಿಟಾರನ್ನು ಕೊಂಡು, ವಾದ್ಯ ರಿಪೇರಿ ಬಲ್ಲವರಿಂದ ನಟ್ ಮತ್ತು ಸ್ಯಾಡಲ್ ಎತ್ತರ ಸರಿಮಾಡಿಸಿ. ಕಾಣುವ ಅಂದಕ್ಕೆ ಕೊಡುವ ಹಣಕ್ಕಿಂತ ಈ ಕೆಲಸಕ್ಕೆ ಕೊಟ್ಟ ಹಣ ಹೆಚ್ಚು ಫಲ ಕೊಡುತ್ತದೆ.

ಕೊಳ್ಳುವ ಮುನ್ನ ನೀವೇ ಪರೀಕ್ಷಿಸಿ

1. ನಟ್‌ನಿಂದ ಹನ್ನೆರಡನೆಯ ಮೆಟ್ಟಿಲಿಗೆ, ಅಲ್ಲಿಂದ ಸ್ಯಾಡಲ್‌ಗೆ ಇರುವ ದೂರ ಅಳೆಯಿರಿ. ಎರಡನೆಯದು ಸಮ ಅಥವಾ ಕೆಲವೇ ಮಿ.ಮೀ. ಹೆಚ್ಚಿರಬೇಕು. ಕಡಿಮೆಯಿದ್ದರೆ ಬೇಡ.

2. ಹನ್ನೆರಡನೆಯ ಮೆಟ್ಟಿಲಿನ ನೇರ ಮೇಲೆ ತಂತಿಯನ್ನು ಒತ್ತದೆ ಹಗುರವಾಗಿ ಮುಟ್ಟಿ ಮೀಟಿ, ಬೆರಳು ತೆಗೆಯಿರಿ. ತೆರೆದ ತಂತಿಯ ಇಮ್ಮಡಿ ಆವೃತ್ತಿಯ ಸ್ವರ ಕೇಳುತ್ತದೆ. ಈಗ ಅದೇ ಮೆಟ್ಟಿಲಲ್ಲಿ ಒತ್ತಿ ಮೀಟಿ. ಎರಡೂ ಒಂದೇ ಆಗಿರಬೇಕು. ಮೊಬೈಲ್ ಫೋನಿನ ಶ್ರುತಿ ನೋಡುವ ತಂತ್ರಾಂಶ ವ್ಯತ್ಯಾಸವನ್ನು ಸೆಂಟ್‌ಗಳಲ್ಲೇ ತೋರಿಸುತ್ತದೆ. 10 ಸೆಂಟ್ ಮೀರಿದರೆ ಸರಿಪಡಿಸದೆ ಕೊಳ್ಳಬೇಡಿ.

3. ಹನ್ನೆರಡನೆಯ ಮೆಟ್ಟಿಲಿನ ಮೇಲೆ ತಂತಿಯ ಎತ್ತರ ಅಳೆಯಿರಿ. ಉಕ್ಕಿನ ತಂತಿಗೆ ಎರಡರಿಂದ ಮೂರು ಮಿ.ಮೀ. ಇದ್ದರೆ ಒಳ್ಳೆಯದು. ನೈಲಾನಿಗೆ ಇನ್ನೊಂದು ಮಿ.ಮೀ. ಹೆಚ್ಚಾದರೂ ಆದೀತು.

4. ಕೊರಳಿನ ಉದ್ದಕ್ಕೂ ಒಂದು ಕಣ್ಣು ಮುಚ್ಚಿ ನೋಡಿ. ಹೊರಳಿದ ಕೊರಳು ಬೇಡ.

5. ಪ್ರತಿ ತಂತಿಯನ್ನೂ ಪ್ರತಿ ಮೆಟ್ಟಿಲಲ್ಲೂ ಮೀಟಿ. ಎಲ್ಲಾದರೂ ಝೇಂಕರಿಸಿದರೆ ಆ ಮೆಟ್ಟಿಲುಗಳ ಎತ್ತರ ಸಮವಿಲ್ಲದಿರಬಹುದು.

ಶಿಕ್ಷಕರೇ, ಎರಡನೆಯ ಪರೀಕ್ಷೆಯನ್ನು ತರಗತಿಯಲ್ಲೂ ಮಾಡಿಸಬಹುದು. ಯಾರ ಮನೆಯ ಅಟ್ಟದಲ್ಲಾದರೂ ಒಂದು ಗಿಟಾರ್ ಇದ್ದರೆ ತರಿಸಿ. ವಿದ್ಯಾರ್ಥಿಗಳು ಮೆಟ್ಟಿಲುಗಳ ದೂರವನ್ನು ಅಳೆದು, ಲೆಕ್ಕದ ದೂರದೊಂದಿಗೆ ಹೋಲಿಸಿ ನಕ್ಷೆ ಬರೆಯಲಿ. ಅದನ್ನು ಬಿಟ್ಟುಬಿಟ್ಟ ಮಗುವಿಗೆ ಸ್ವರಜ್ಞಾನ ಇತ್ತೋ ಇಲ್ಲವೋ ಎಂಬ ಪ್ರಶ್ನೆಯನ್ನು ಅನಂತರ ಎತ್ತಬಹುದು.