ಬಾಸ್ಟನ್‌ನಿಂದ ಕ್ವಿಬೆಕ್‌ವರೆಗೆ: ಶರತ್ಕಾಲದ ಹಡಗು ಹತ್ತುವ ಮುನ್ನ

ಸೆಪ್ಟೆಂಬರ್ ಕಡೆಯ ವಾರದಿಂದ ಅಕ್ಟೋಬರ್ ಮುಗಿಯುವ ತನಕ ಅಮೆರಿಕದ ಈಶಾನ್ಯ ಕರಾವಳಿ ಮತ್ತು ಅದಕ್ಕೆ ಅಂಟಿಕೊಂಡ ಕೆನಡಾದ ಕರಾವಳಿಯ ಮೇಪಲ್ ಕಾಡುಗಳು ಕೆಂಪು, ಕಿತ್ತಳೆ, ಹಳದಿಗೆ ತಿರುಗುತ್ತವೆ. ಆ ಬಣ್ಣ ನೋಡುತ್ತ, ದಿನಕ್ಕೊಂದು ಊರಿನಲ್ಲಿ ಇಳಿಯುತ್ತ ಸಾಗುವ ಏಳರಿಂದ ಹನ್ನೊಂದು ರಾತ್ರಿಗಳ ಕ್ರೂಸ್ ಯಾನಗಳು ಈ ಕಾಲದಲ್ಲಿ ಬಹಳ. ನ್ಯೂಜೆರ್ಸಿ, ಬಾಸ್ಟನ್ ಕಡೆ ನೆಲೆಸಿರುವ ಕನ್ನಡದ ಕುಟುಂಬಗಳು ಊರಿನಿಂದ ಬಂದ ಅಪ್ಪ ಅಮ್ಮನನ್ನು ಇದಕ್ಕೆ ಕರೆದೊಯ್ಯುವುದು ಒಳ್ಳೆಯ ಯೋಚನೆ. ಮಂಡಿನೋವಿನವರು ದಿನಾ ಪೆಟ್ಟಿಗೆ ಕಟ್ಟಿ ಬಿಚ್ಚಬೇಕಿಲ್ಲ, ಗಂಟೆಗಟ್ಟಲೆ ಕಾರಿನಲ್ಲಿ ಕೂರಬೇಕಿಲ್ಲ. ಆದರೆ ಈ ಯಾನದ ಸುಖವೆಲ್ಲ ಬಂದರಿನಲ್ಲಿ ಸಿಗುವ ಐದಾರು ಗಂಟೆಗಳಲ್ಲಿದೆ. ಆ ಗಂಟೆಗಳನ್ನು ಮನೆಯಲ್ಲೇ ಕೂತು ಲೆಕ್ಕ ಹಾಕಬೇಕು, ಹಡಗು ಹತ್ತಿದ ಮೇಲೆ ಹಾಕಿದರೆ ತಡವಾಗುತ್ತದೆ.

ಮೊದಲಿಗೆ ಈ ಯಾನಗಳೆಲ್ಲ ಕೆನಡಾ ಮುಟ್ಟಿಯೇ ಹೋಗುವುದೇಕೆ ಎಂಬುದು ತಿಳಿದಿರಲಿ. ಅಮೆರಿಕದಲ್ಲಿ 1886ರ ಒಂದು ಕಾನೂನಿದೆ. ಅದರ ಪ್ರಕಾರ ಬೇರೆ ದೇಶದ ಬಾವುಟ ಹೊತ್ತ ಹಡಗು ಅಮೆರಿಕದ ಬಂದರುಗಳ ನಡುವೆ ಮಾತ್ರ ಪ್ರಯಾಣಿಕರನ್ನು ಸಾಗಿಸುವಂತಿಲ್ಲ. ದೊಡ್ಡ ಕ್ರೂಸ್ ಹಡಗುಗಳು ಹೆಚ್ಚುಕಡಿಮೆ ಎಲ್ಲವೂ ಬಹಾಮಾಸ್, ಪನಾಮಾ, ಬರ್ಮುಡಾದಂಥ ಕಡೆಗಳಲ್ಲಿ ನೋಂದಣಿಯಾದವು. ಹಾಗಾಗಿ ನ್ಯೂಯಾರ್ಕ್‌ನಿಂದ ಹೊರಟು ನ್ಯೂಯಾರ್ಕ್‌ಗೇ ಮರಳುವ ಹಡಗೂ ನಡುವೆ ಕೆನಡಾದ ಒಂದು ಬಂದರನ್ನಾದರೂ ಮುಟ್ಟಬೇಕು. ಹತ್ತಿದಲ್ಲಿಗೇ ಮರಳದ ಯಾನಗಳು ಒಂದು ತುದಿ ಬಾಸ್ಟನ್ ಅಥವಾ ನ್ಯೂಯಾರ್ಕ್, ಇನ್ನೊಂದು ತುದಿ ಕ್ವಿಬೆಕ್ ಅಥವಾ ಮಾಂಟ್ರಿಯಲ್ ಎಂದಿರುವುದೂ ಇದೇ ಕಾರಣಕ್ಕೆ. 'ನಡುವಿನ ಬಂದರಿನಲ್ಲಿ ಇಳಿದುಬಿಡುತ್ತೇವೆ' ಎನ್ನುವುದೂ ಸಲೀಸಲ್ಲ. ಕಂಪನಿಯ ಒಪ್ಪಿಗೆ ಮೊದಲೇ ಬೇಕು.

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಇದರ ಅರ್ಥ ಸ್ಪಷ್ಟ: ಅಮೆರಿಕದ ವೀಸಾ ಒಂದೇ ಸಾಲದು, ಕೆನಡಾದ ವೀಸಾ ಕೂಡ ಬೇಕು. ಹಡಗಿನಿಂದ ಇಳಿಯುವುದೇ ಇಲ್ಲ ಎಂದರೂ ಕಂಪನಿಯವರು ಅದನ್ನು ಕೇಳುತ್ತಾರೆ. ದಾಖಲೆ ಇಲ್ಲದಿದ್ದರೆ ಹತ್ತುವ ದಿನ ದಕ್ಕೆಯಲ್ಲೇ ನಿಲ್ಲಿಸುತ್ತಾರೆ, ಕಟ್ಟಿದ ಹಣವೂ ವಾಪಸ್ ಬರುವುದಿಲ್ಲ. ಕೆನಡಾದ ಸಂದರ್ಶಕ ವೀಸಾ ಶುಲ್ಕ 100 ಕೆನಡಾ ಡಾಲರ್, ಬೆರಳಚ್ಚು ಮತ್ತು ಫೋಟೊಗೆ ಇನ್ನೂ 85. ಊರಿನಲ್ಲಿರುವ ಹಿರಿಯರು ಅಮೆರಿಕಕ್ಕೆ ಹೊರಡುವ ಮೊದಲೇ ಬೆಂಗಳೂರಿನ ವೀಸಾ ಕೇಂದ್ರದಲ್ಲಿ ಈ ಕೆಲಸ ಮುಗಿಸಿಕೊಳ್ಳುವುದು ವಾಸಿ. ಗ್ರೀನ್ ಕಾರ್ಡ್ ಇರುವವರಿಗೆ ಕೆನಡಾ ವೀಸಾ ಬೇಡ, ಆದರೆ ಕಾರ್ಡಿನ ಜತೆ ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್ ಇರಲೇಬೇಕು. ಎಚ್-1ಬಿಯಲ್ಲಿದ್ದು ಪಾಸ್‌ಪೋರ್ಟಿನ ವೀಸಾ ಸ್ಟಾಂಪ್ ಅವಧಿ ಮುಗಿದಿರುವವರ ವಿಷಯ ಇನ್ನೂ ಸೂಕ್ಷ್ಮ. ಐ-94 ಚಾಲ್ತಿಯಲ್ಲಿದ್ದು, 30 ದಿನ ಮೀರದೆ ಕೆನಡಾಕ್ಕೆ ಮಾತ್ರ ಹೋಗಿಬರುವವರಿಗೆ ಹಳೆಯ ಸ್ಟಾಂಪಿನ ಮೇಲೆಯೇ ಮರಳಲು ಅವಕಾಶ ಕೊಡುವ ನಿಯಮವೊಂದಿದೆ. ಆದರೆ ಕೆಲವು ಯಾನಗಳು ನ್ಯೂಫೌಂಡ್‌ಲ್ಯಾಂಡ್ ಪಕ್ಕದ ಸೇಂಟ್ ಪಿಯೇರ್ ದ್ವೀಪವನ್ನೂ ಮುಟ್ಟುತ್ತವೆ. ಅದು ಕೆನಡಾ ಅಲ್ಲ, ಫ್ರಾನ್ಸ್‌ಗೆ ಸೇರಿದ ನೆಲ. ಆ ಒಂದು ದಿನದಿಂದ ಇಡೀ ನಿಯಮ ಕೈಬಿಟ್ಟು ಹೋಗಬಹುದು. ಮಾರ್ಗದ ಪ್ರತಿ ಬಂದರೂ ಯಾವ ದೇಶದ್ದು ಎಂದು ನೋಡಿ, ಕಂಪನಿಯಿಂದ ಲಿಖಿತ ಉತ್ತರ ತರಿಸಿಕೊಂಡು, ಆಮೇಲೆ ಹಣ ಕಟ್ಟಿ.

ಇನ್ನು ತಾರೀಖು. ಬಣ್ಣ ಉತ್ತರದಿಂದ ದಕ್ಷಿಣಕ್ಕೆ ಇಳಿಯುತ್ತ ಬರುತ್ತದೆ. ಹಗಲು ಕಿರಿದಾಗಿ ರಾತ್ರಿ ತಂಪಾದಂತೆ ಎಲೆಯ ಹಸಿರು ಒಡೆದುಹೋಗಿ, ಒಳಗೇ ಇದ್ದ ಹಳದಿ ಮೇಲೆ ಬರುತ್ತದೆ. ಮೇಪಲ್‌ನ ಕೆಂಪು ಮಾತ್ರ ಆಗ ಹೊಸದಾಗಿ ಹುಟ್ಟುವಂಥದ್ದು. ಬಿಸಿಲಿನ ಹಗಲು, ಹಿಮ ಬೀಳದಷ್ಟು ತಣ್ಣನೆಯ ರಾತ್ರಿ ಸಿಕ್ಕ ವರ್ಷ ಅದು ಚೆನ್ನಾಗಿ ಏರುತ್ತದೆ. ಸಾಮಾನ್ಯವಾಗಿ ಕ್ವಿಬೆಕ್ ಸುತ್ತಮುತ್ತ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ವಾರ, ನೋವಾ ಸ್ಕೋಷಿಯಾದ ಕೇಪ್ ಬ್ರೆಟನ್‌ನಲ್ಲಿ ಅಕ್ಟೋಬರ್ ಮೊದಲ ಎರಡು ವಾರ, ಮೇನ್ ರಾಜ್ಯದ ಅಕೇಡಿಯಾದಲ್ಲಿ ಅಕ್ಟೋಬರ್ ಮಧ್ಯ, ಬಾಸ್ಟನ್‌ನಲ್ಲಿ ಅಕ್ಟೋಬರ್ ಕೊನೆ. ಆದ್ದರಿಂದ ಅಕ್ಟೋಬರ್ ಮೊದಲ ವಾರ ಕ್ವಿಬೆಕ್‌ನಲ್ಲಿ ಹತ್ತಿ ದಕ್ಷಿಣಕ್ಕೆ ಬಂದರೆ ಬಣ್ಣ ನಿಮ್ಮ ಜತೆಯಲ್ಲೇ ಇಳಿಯುತ್ತದೆ. ಸೆಪ್ಟೆಂಬರ್ ಕೊನೆಯಲ್ಲಿ ಹೊರಡುವುದಾದರೆ ಬಾಸ್ಟನ್‌ನಿಂದ ಉತ್ತರಕ್ಕೆ ಹೋಗುವುದು ಸರಿ. ಮೊದಲ ಬಂದರುಗಳು ಹಸಿರಾಗಿಯೇ ಇರುತ್ತವೆ, ಕೊನೆಗೆ ಬಣ್ಣ ಸಿಗುತ್ತದೆ. ದಕ್ಷಿಣಕ್ಕೆ ಬರುವ ಯಾನದಲ್ಲಿ ಒಂದು ತೊಡಕಿದೆ: ಅಮೆರಿಕದ ಮೊದಲ ಬಂದರಿನಲ್ಲಿ ವಲಸೆ ಅಧಿಕಾರಿಗಳ ತಪಾಸಣೆ ಮುಗಿಯದೆ ಇಳಿಯುವಂತಿಲ್ಲ. ಆ ದಿನ ಬೆಳಗಿನ ಹೊತ್ತು ಸಾಲಿನಲ್ಲೇ ಕಳೆಯಬಹುದೆಂದು ಲೆಕ್ಕ ಇಟ್ಟುಕೊಳ್ಳಿ.

ಹಡಗು ಹತ್ತುವ ಊರಿಗೆ ಹಿಂದಿನ ದಿನವೇ ತಲುಪಿ. ವಿಮಾನ ತಡವಾದರೆ ಹಡಗು ಕಾಯುವುದಿಲ್ಲ. ಬಾಸ್ಟನ್‌ನ ಕ್ರೂಸ್ ಟರ್ಮಿನಲ್ ಲೋಗನ್ ವಿಮಾನ ನಿಲ್ದಾಣಕ್ಕೆ ಹತ್ತಿರ, ಸುರಂಗದ ಮೂಲಕ ಟ್ಯಾಕ್ಸಿಯಲ್ಲಿ ಸ್ವಲ್ಪ ಹೊತ್ತು. ನ್ಯೂಯಾರ್ಕ್ ಎಂದು ಟಿಕೆಟ್ಟಿನಲ್ಲಿದ್ದರೆ ಯಾವ ದಕ್ಕೆ ಎಂದು ಇನ್ನೊಮ್ಮೆ ಓದಿ. ಮ್ಯಾನ್‌ಹಟನ್‌ನದು ಒಂದು, ಬ್ರೂಕ್ಲಿನ್‌ನದು ಇನ್ನೊಂದು, ನ್ಯೂಜೆರ್ಸಿಯ ಬಯೋನ್‌ನಲ್ಲಿರುವ ಕೇಪ್ ಲಿಬರ್ಟಿ ಮೂರನೆಯದು. ಸಂಜೆ ದಟ್ಟಣೆಯಲ್ಲಿ ಒಂದರಿಂದ ಇನ್ನೊಂದಕ್ಕೆ ಓಡುವುದು ಆಗದ ಮಾತು.

ಬಂದರಿನ ಗಂಟೆಗಳ ಲೆಕ್ಕಕ್ಕೆ ಬರೋಣ. ಕಾರ್ಯಕ್ರಮ ಪಟ್ಟಿಯಲ್ಲಿ 'ಬೆಳಿಗ್ಗೆ 8ರಿಂದ ಸಂಜೆ 5' ಎಂದಿದ್ದರೆ ಒಂಬತ್ತು ಗಂಟೆ ಕೈಯಲ್ಲಿದೆ ಎಂದುಕೊಳ್ಳಬೇಡಿ. ಹಡಗು ಕಟ್ಟಿ, ಅನುಮತಿ ಸಿಕ್ಕಿ, ಸಾಲಿನಲ್ಲಿ ಇಳಿದು ರಸ್ತೆಗೆ ಬರುವಾಗ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹೋಗಿರುತ್ತದೆ. ಹೊರಡುವುದಕ್ಕೆ ಅರ್ಧ ಗಂಟೆಯೋ ಒಂದು ಗಂಟೆಯೋ ಮೊದಲೇ ಎಲ್ಲರೂ ಮೇಲಿರಬೇಕು. ರಸ್ತೆಯ ಅನಿರೀಕ್ಷಿತಕ್ಕೆ ಇನ್ನೊಂದು ಗಂಟೆ ಬಿಡಿ. ಉಳಿಯುವುದು ಆರು, ಆರೂವರೆ. ಇದರಲ್ಲಿ ಒಂದೊಂದು ಕಡೆಗೂ ಒಂದು ಗಂಟೆಗಿಂತ ಹೆಚ್ಚು ದೂರದ ಜಾಗ ಬೇಡ ಎಂಬುದು ನನ್ನ ಅಭಿಪ್ರಾಯ. ಹಡಗಿನವರೇ ಏರ್ಪಡಿಸಿದ ಪ್ರವಾಸ ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ, ನೀವೇ ಟ್ಯಾಕ್ಸಿ ಮಾಡಿಕೊಂಡು ಹೋದರೆ ಕಾಯುವುದಿಲ್ಲ. ಹಾಗಾಗಿ ದೂರದ ಜಾಗಕ್ಕೆ ಹಡಗಿನವರ ಪ್ರವಾಸ, ಹತ್ತಿರದ್ದಕ್ಕೆ ನಿಮ್ಮದೇ ಏರ್ಪಾಡು. ಗಡಿಯಾರವನ್ನೂ ನೋಡಿಕೊಳ್ಳಿ. ನ್ಯೂ ಬ್ರನ್ಸ್‌ವಿಕ್, ನೋವಾ ಸ್ಕೋಷಿಯಾ, ಪ್ರಿನ್ಸ್ ಎಡ್ವರ್ಡ್ ದ್ವೀಪಗಳು ಬಾಸ್ಟನ್‌ಗಿಂತ ಒಂದು ಗಂಟೆ ಮುಂದೆ. ಕ್ವಿಬೆಕ್ ಬಾಸ್ಟನ್ ಸಮಯದಲ್ಲೇ ಇದೆ. ಫೋನ್ ತಾನಾಗಿ ಇಳಿದ ಊರಿನ ಸಮಯಕ್ಕೆ ತಿರುಗುತ್ತದೆ. ಹಡಗು ಯಾವ ಸಮಯ ಪಾಲಿಸುತ್ತಿದೆ ಎಂದು ಇಳಿಯುವ ಬಾಗಿಲಲ್ಲೇ ಕೇಳಿ.

ಮೇನ್‌ನ ಬಾರ್ ಹಾರ್ಬರ್‌ನಲ್ಲಿ ಹಡಗು ಕೊಲ್ಲಿಯಲ್ಲೇ ಲಂಗರು ಹಾಕುತ್ತದೆ, ಸಣ್ಣ ಟೆಂಡರ್ ದೋಣಿಗಳಲ್ಲಿ ದಡ ಸೇರಬೇಕು. ಅಲೆ ಜೋರಿದ್ದರೆ ಇಳಿಸುವುದೇ ಇಲ್ಲ. ದಿನಕ್ಕೆ ಇಳಿಯುವ ಕ್ರೂಸ್ ಪ್ರಯಾಣಿಕರು 1,000 ಮೀರಬಾರದೆಂದು ಊರಿನವರು 2022ರಲ್ಲಿ ಮತ ಹಾಕಿದ್ದಾರೆ. ಹಾಗಾಗಿ ಈ ಊರು ನಿಮ್ಮ ಪಟ್ಟಿಯಲ್ಲಿ ಈಗಲೂ ಇದೆಯೇ ಎಂದು ಖಚಿತ ಮಾಡಿಕೊಳ್ಳಿ. ಇಳಿಯಲು ಸಿಕ್ಕರೆ ಅಕೇಡಿಯಾ ರಾಷ್ಟ್ರೀಯ ಉದ್ಯಾನ ಬಿಡಬೇಡಿ. 466 ಮೀಟರ್ ಎತ್ತರದ ಕ್ಯಾಡಿಲಾಕ್ ಬೆಟ್ಟಕ್ಕೆ ಸ್ವಂತ ವಾಹನದಲ್ಲಿ ಹೋಗಲು ಮುಂಗಡ ಕಾಯ್ದಿರಿಸಬೇಕು. ಉದ್ಯಾನದೊಳಗೆ ಓಡಾಡುವ ಉಚಿತ ಬಸ್ ಬೆಟ್ಟ ಹತ್ತುವುದಿಲ್ಲ, ಅಕ್ಟೋಬರ್ ಮಧ್ಯಕ್ಕೆ ನಿಂತೂ ಹೋಗುತ್ತದೆ.

ನ್ಯೂ ಬ್ರನ್ಸ್‌ವಿಕ್‌ನ ಸೇಂಟ್ ಜಾನ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಹೊರಗಿನಿಂದ ಸಾಧಾರಣ ಊರಿನಂತೆ ಕಾಣುವ ಇದನ್ನು ಬಹಳ ಮಂದಿ ಹಡಗಿನಲ್ಲೇ ಕೂತು ಕಳೆದುಬಿಡುತ್ತಾರೆ. ಇದು ಫಂಡಿ ಕೊಲ್ಲಿಯ ದಡ. ಜಗತ್ತಿನಲ್ಲೇ ಅತಿ ಎತ್ತರದ ಉಬ್ಬರವಿಳಿತ ಈ ಕೊಲ್ಲಿಯದು. ಒಳತುದಿಯಲ್ಲಿ ನೀರು 16 ಮೀಟರ್‌ವರೆಗೆ ಏರಿಳಿಯುತ್ತದೆ, ಸೇಂಟ್ ಜಾನ್‌ನಲ್ಲಿ ಎಂಟು ಮೀಟರ್‌ಗೂ ಹೆಚ್ಚು. ನಮ್ಮ ಮಂಗಳೂರಿನಲ್ಲಿ ಈ ವ್ಯತ್ಯಾಸ ಒಂದೂವರೆ ಮೀಟರ್ ಆಸುಪಾಸು. ಕೊಲ್ಲಿ ಒಳಗೆ ಹೋದಂತೆ ಕಿರಿದಾಗುತ್ತದೆ. ಜತೆಗೆ, ನೀರು ಕೊಲ್ಲಿಯ ಬಾಯಿಂದ ತುದಿಗೆ ಹೋಗಿ ಮರಳಲು ಹಿಡಿಯುವ ಹೊತ್ತೂ ಸಮುದ್ರದ ಉಬ್ಬರದ ಅವಧಿಯಾದ 12 ಗಂಟೆ 25 ನಿಮಿಷಕ್ಕೆ ಹತ್ತಿರವಿದೆ. ಪ್ರತಿ ಉಬ್ಬರವೂ ಹಿಂದಿನದಕ್ಕೆ ಬಲ ಕೊಡುತ್ತದೆ. ಇದರ ಪರಿಣಾಮ ಊರಿನೊಳಗೇ ಕಾಣುವ ಜಾಗ 'ರಿವರ್ಸಿಂಗ್ ರ್‍ಯಾಪಿಡ್ಸ್'. ಸೇಂಟ್ ಜಾನ್ ನದಿ ಇಲ್ಲಿ ಇಕ್ಕಟ್ಟಾದ ಕಣಿವೆಯಲ್ಲಿ ನುಗ್ಗಿ ಸಮುದ್ರ ಸೇರುತ್ತದೆ. ಇಳಿತದ ಹೊತ್ತಿಗೆ ನದಿ ನೊರೆಯೆಬ್ಬಿಸಿ ಸಮುದ್ರದತ್ತ ಧುಮ್ಮಿಕ್ಕುತ್ತದೆ. ಉಬ್ಬರದ ಹೊತ್ತಿಗೆ ಸಮುದ್ರದ ಮಟ್ಟವೇ ಮೇಲಾಗಿ ಅದೇ ಕಣಿವೆಯಲ್ಲಿ ನೀರು ಹಿಂದಕ್ಕೆ, ನದಿಯ ಮೇಲ್ಗಡೆಗೆ ಹರಿಯುತ್ತದೆ. ನಡುವೆ ಸುಮಾರು ಇಪ್ಪತ್ತು ನಿಮಿಷ ನೀರು ಸುಮ್ಮನಾಗುತ್ತದೆ, ದೋಣಿಗಳು ದಾಟುವುದು ಆಗಲೇ.

ಇಲ್ಲಿ ಒಮ್ಮೆ ಮಾತ್ರ ಹೋಗಿ ಬಂದರೆ ಏನೂ ತಿಳಿಯುವುದಿಲ್ಲ, ಒಂದು ಸೇತುವೆ, ಒಂದು ನದಿ ಅಷ್ಟೇ. ಎರಡು ಸಲ ಹೋಗಬೇಕು. ಕೆನಡಾ ಸರ್ಕಾರ ಪ್ರಕಟಿಸುವ ಉಬ್ಬರವಿಳಿತದ ಪಟ್ಟಿ ಅಂತರ್ಜಾಲದಲ್ಲಿ ಸಿಗುತ್ತದೆ, ನಿಮ್ಮ ದಿನದ ಸಮಯ ಬರೆದಿಟ್ಟುಕೊಳ್ಳಿ. ಉದಾಹರಣೆಗೆ ಉಬ್ಬರ ಬೆಳಿಗ್ಗೆ 10ಕ್ಕೆ ಇದ್ದರೆ ಇಳಿತ ಸಂಜೆ ನಾಲ್ಕೂಕಾಲರ ಸುಮಾರಿಗೆ. ಹತ್ತಕ್ಕೆ ಟ್ಯಾಕ್ಸಿಯಲ್ಲಿ ಹೋಗಿ ನೀರು ಹಿಂದಕ್ಕೆ ಹರಿಯುವುದನ್ನು ನೋಡಿ, ನಡುವೆ 1876ರ ಕಟ್ಟಡದಲ್ಲಿರುವ ಸಿಟಿ ಮಾರ್ಕೆಟ್‌ನಲ್ಲಿ ಊಟ ಮುಗಿಸಿ, ಮೂರೂವರೆಗೆ ಮತ್ತೆ ಹೋದರೆ ಅದೇ ನದಿ ಎದುರು ದಿಕ್ಕಿಗೆ ಓಡುತ್ತಿರುತ್ತದೆ. ಹಡಗು ಆರಕ್ಕೆ ಹೊರಡುವುದಾದರೆ ಆರಾಮವಾಗಿ ಸಾಧ್ಯ. ನಾಲ್ಕಕ್ಕೇ ಹೊರಡುವುದಾದರೆ ಬೆಳಗಿನ ಭೇಟಿಗೇ ತೃಪ್ತಿಪಡಬೇಕು. ಉಬ್ಬರದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ, ಆದ್ದರಿಂದ ಹಿಂದಿನ ವಾರ ಹೋಗಿಬಂದವರ ಸಮಯ ನಿಮಗೆ ಉಪಯೋಗಕ್ಕೆ ಬಾರದು.

ನೋವಾ ಸ್ಕೋಷಿಯಾದ ಹ್ಯಾಲಿಫ್ಯಾಕ್ಸ್‌ನಲ್ಲಿ ಮೊದಲ ಜಾಗಕ್ಕೆ ಟ್ಯಾಕ್ಸಿಯೇ ಬೇಡ. ಹಡಗು ನಿಲ್ಲುವ ದಕ್ಕೆಯ ಪಕ್ಕದಲ್ಲೇ 'ಪಿಯರ್ 21' ಇದೆ. 1928ರಿಂದ 1971ರವರೆಗೆ ಸುಮಾರು ಹತ್ತು ಲಕ್ಷ ವಲಸಿಗರು ಕೆನಡಾದ ನೆಲಕ್ಕೆ ಕಾಲಿಟ್ಟ ಜಾಗ, ಈಗ ವಲಸೆಯ ವಸ್ತುಸಂಗ್ರಹಾಲಯ. ಮಕ್ಕಳು ಪರದೇಶದಲ್ಲಿ ನೆಲೆಸಿದ ಹಿರಿಯರು ಇದನ್ನು ನೋಡಲೇಬೇಕು. 1912ರಲ್ಲಿ ಮುಳುಗಿದ ಟೈಟಾನಿಕ್‌ನ 121 ಮಂದಿಯ ಸಮಾಧಿಗಳು ಊರಿನ ಫೇರ್‌ವ್ಯೂ ಲಾನ್ ಸ್ಮಶಾನದಲ್ಲಿವೆ. ಪೆಗ್ಗೀಸ್ ಕೋವ್ ದೀಪಸ್ತಂಭಕ್ಕೆ ಕಾರಿನಲ್ಲಿ ಮುಕ್ಕಾಲು ಗಂಟೆಯ ಹಾದಿ. ಅಲ್ಲಿ ಒದ್ದೆಯಾಗಿ ಕಪ್ಪಗಿರುವ ಬಂಡೆಗಳ ಮೇಲೆ ಕಾಲಿಡಬೇಡಿ, ಅಲೆ ಅಲ್ಲಿಯವರೆಗೂ ಬರುತ್ತದೆ ಎಂಬುದಕ್ಕೆ ಆ ಕಪ್ಪೇ ಗುರುತು.

ಕೇಪ್ ಬ್ರೆಟನ್‌ನ ಸಿಡ್ನಿಯಲ್ಲಿ ಇಳಿದು ಕ್ಯಾಬಟ್ ಟ್ರೇಲ್ ಸುತ್ತಿ ಬರುವ ಆಸೆ ಬೇಡ. ಅದು 298 ಕಿ.ಮೀ. ರಸ್ತೆ, ಬಂದರಿನ ಒಂದು ದಿನಕ್ಕೆ ದಕ್ಕುವುದಿಲ್ಲ. ಲೂಯಿಬರ್ಗ್ ಕೋಟೆ ಸಾಕು. ಪ್ರಿನ್ಸ್ ಎಡ್ವರ್ಡ್ ದ್ವೀಪದ ಷಾರ್ಲಟ್‌ಟೌನ್‌ನಲ್ಲಿ ಊರೊಳಗಿನ ನಡಿಗೆಯೇ ಚೆಂದ.

ಈ ಎಲ್ಲ ಲೆಕ್ಕವನ್ನೂ ಹವಾಮಾನ ಬುಡಮೇಲು ಮಾಡಬಹುದು. ಅಟ್ಲಾಂಟಿಕ್ ಚಂಡಮಾರುತದ ಕಾಲ ನವೆಂಬರ್ ಕೊನೆಯವರೆಗೂ ಇರುತ್ತದೆ. 2022ರ ಸೆಪ್ಟೆಂಬರ್ 24ರಂದು ಫಿಯೋನಾ ಚಂಡಮಾರುತ ನೋವಾ ಸ್ಕೋಷಿಯಾಕ್ಕೇ ಅಪ್ಪಳಿಸಿತ್ತು. ಅಳಿವಿನಂಚಿನ ರೈಟ್ ವೇಲ್ ತಿಮಿಂಗಿಲಗಳ ರಕ್ಷಣೆಗೆ ಸೇಂಟ್ ಲಾರೆನ್ಸ್ ಕೊಲ್ಲಿಯ ಕೆಲವೆಡೆ ಹಡಗುಗಳು 10 ನಾಟ್ ವೇಗ ಮೀರುವಂತಿಲ್ಲ, ಅದರಿಂದಲೂ ವೇಳೆ ತಪ್ಪಬಹುದು. ಬಂದರು ತಪ್ಪಿದರೆ ಹಡಗಿನವರು ತಮ್ಮ ಪ್ರವಾಸದ ಹಣವನ್ನು ಹಿಂದಿರುಗಿಸುತ್ತಾರೆ. ನೀವೇ ಮಾಡಿಕೊಂಡ ಬುಕಿಂಗ್ ರದ್ದು ಮಾಡಲು ಬರುವಂಥದ್ದೇ ಇರಲಿ. ಹಿರಿಯರಿಗಾಗಿ ಅಮೆರಿಕದಲ್ಲಿ ತೆಗೆದುಕೊಂಡ ಆರೋಗ್ಯ ವಿಮೆ ಕೆನಡಾದಲ್ಲೂ ಹಡಗಿನಲ್ಲೂ ನಡೆಯುತ್ತದೆಯೇ ಎಂದು ಓದಿ ನೋಡಿ. ಹಡಗಿನ ವೈದ್ಯರ ಶುಲ್ಕ ದುಬಾರಿ.

ಊಟದ ಚಿಂತೆ ಹೆಚ್ಚು ಬೇಡ. ಭಾರತೀಯ ಸಸ್ಯಾಹಾರ, ಜೈನ ಊಟ ಬೇಕೆಂದು ಬುಕಿಂಗ್ ಮಾಡುವಾಗಲೇ ಬರೆಸಿ, ಮೊದಲ ರಾತ್ರಿ ಊಟದ ಮನೆಯ ಮೇಲ್ವಿಚಾರಕರಿಗೆ ಮತ್ತೆ ಹೇಳಿ. ಚಟ್ನಿಪುಡಿ, ಅವಲಕ್ಕಿ ಜತೆಗಿರಲಿ; ರೈಸ್ ಕುಕ್ಕರ್, ಕೆಟಲ್ ಹಡಗಿಗೆ ಬಿಡುವುದಿಲ್ಲ. ಹಣ್ಣುಹಂಪಲು ಕೈಯಲ್ಲಿ ಹಿಡಿದು ಬಂದರಿಗೆ ಇಳಿಯಬೇಡಿ, ಗಡಿಯಲ್ಲಿ ದಂಡ ಬೀಳಬಹುದು. ಅಕ್ಟೋಬರ್‌ನಲ್ಲಿ ಡೆಕ್ಕಿನ ಮೇಲಿನ ಗಾಳಿಗೆ ಒಂದು ದಪ್ಪ ಸ್ವೆಟರ್ ಸಾಲದು, ಗಾಳಿ ತಡೆಯುವ ಜಾಕೆಟ್, ಕಿವಿ ಮುಚ್ಚುವ ಟೋಪಿ ಬೇಕು.

ಉತ್ತರಕ್ಕೆ ಹೋಗುವ ದೊಡ್ಡ ಹಡಗುಗಳ ಯಾನ ಕ್ವಿಬೆಕ್‌ನಲ್ಲೇ ಮುಗಿಯುತ್ತದೆ. ಅಲ್ಲಿಂದಾಚೆಯ ಸೇತುವೆಯಡಿ ನುಸುಳುವಷ್ಟು ತಗ್ಗಿನ ಹಡಗುಗಳು ಮಾತ್ರ ಮಾಂಟ್ರಿಯಲ್‌ಗೆ ಹೋಗುತ್ತವೆ. ಕ್ವಿಬೆಕ್‌ನಲ್ಲಿ ಇಳಿದ ದಿನವೇ ವಿಮಾನ ಹಿಡಿಯುವ ಅವಸರ ಬೇಡ. 1608ರಲ್ಲಿ ಹುಟ್ಟಿದ ಈ ಕೋಟೆಯೂರು ದಕ್ಕೆಯಿಂದ ನಡೆದುಹೋಗುವಷ್ಟು ಹತ್ತಿರ. ಕೆಳಪೇಟೆಯಿಂದ ಮೇಲಿನ ಊರಿಗೆ ಫ್ಯುನಿಕ್ಯುಲರ್ ಇದೆ, ಮೆಟ್ಟಿಲು ಹತ್ತಲಾಗದವರಿಗೆ ಅದೇ ದಾರಿ. 83 ಮೀಟರ್ ಎತ್ತರದ ಮಾಂಟ್‌ಮೊರೆನ್ಸಿ ಜಲಪಾತವೂ ಊರಿಗೆ ಸಮೀಪ. ಇಡೀ ಮಾರ್ಗದಲ್ಲಿ ಎರಡು ರಾತ್ರಿ ಉಳಿಯಲು ಯೋಗ್ಯವಾದ ಊರು ಇದೊಂದೇ ಎಂದು ನಾನು ಹೇಳುವೆ. ಆಮೇಲೆ ರೈಲಿನಲ್ಲಿ ಮೂರು ಗಂಟೆಗೂ ಸ್ವಲ್ಪ ಹೆಚ್ಚು ಪ್ರಯಾಣ ಮಾಡಿ ಮಾಂಟ್ರಿಯಲ್ ಸೇರಿದರೆ ಅಲ್ಲಿಂದ ಎಲ್ಲ ಕಡೆಗೂ ವಿಮಾನಗಳಿವೆ. ಅಕ್ಟೋಬರ್ ಎರಡನೇ ಸೋಮವಾರ ಕೆನಡಾದಲ್ಲಿ ಥ್ಯಾಂಕ್ಸ್‌ಗಿವಿಂಗ್ ರಜೆ, ಅಮೆರಿಕದಲ್ಲೂ ಅಂದೇ ರಜೆ. ನಿಮ್ಮ ಯಾನ ಆ ವಾರಾಂತ್ಯದಲ್ಲಿ ಕ್ವಿಬೆಕ್ ತಲುಪುವುದಾದರೆ ಹಡಗಿನ ಟಿಕೆಟ್ ಕೊಂಡ ದಿನವೇ ಹೋಟೆಲನ್ನೂ ಕಾಯ್ದಿರಿಸಿ.