ಕಂಪೈಲರ್ ತಕರಾರು ತೆಗೆಯುವುದು ಏಕೆ?

ಜಾವಾ ಕಲಿಯುವವರನ್ನು ತಬ್ಬಿಬ್ಬುಗೊಳಿಸುವ ಒಂದು ನಿಯಮವಿದೆ. ಇಂಟಿಜರ್ ಎಂಬುದು ನಂಬರ್‌ನದೇ ಒಂದು ಬಗೆ. ಆದರೂ ನಂಬರ್‌ಗಳ ಲಿಸ್ಟ್ ಕೇಳುವ ಮೆಥಡ್‌ಗೆ ಇಂಟಿಜರ್‌ಗಳ ಲಿಸ್ಟ್ ಕೊಟ್ಟರೆ, ಎರಡರ ಟೈಪ್ ಹೊಂದುವುದಿಲ್ಲವೆಂದು ಕಂಪೈಲರ್ ಎರರ್ ತೋರಿಸುತ್ತದೆ. ಇದನ್ನು ಯಂತ್ರದ ಮೊಂಡುತನವೆಂದು ಬೈಯುವವರೇ ಹೆಚ್ಚು. ಆದರೆ ಮುಂದೇನಾಗಬಹುದೆಂದು ನೋಡಿ: ಆ ಮೆಥಡ್ ಕೈಗೆ ಬಂದ ಲಿಸ್ಟಿಗೆ 3.5 ಎಂಬ ಡಬಲ್ ಸೇರಿಸಬಹುದು. ಅದೂ ನಂಬರೇ ತಾನೇ! ಲಿಸ್ಟ್ ಕೊಟ್ಟವರಾದರೋ ಅದರಲ್ಲಿ ಪೂರ್ಣಾಂಕಗಳಷ್ಟೇ ಇವೆಯೆಂದು ನಂಬಿ ಕುಳಿತಿರುತ್ತಾರೆ. ಒಳಗಿರುವುದನ್ನು ಓದಿದರೆ ಏನೂ ಕೆಡುವುದಿಲ್ಲ, ಹೊಸದನ್ನು ಸೇರಿಸಿದಾಗಲೇ ಕೆಡುವುದು. ಕಂಪೈಲರ್ ತಡೆಯುವುದು ಈ ಸಾಧ್ಯತೆಯನ್ನೇ.

ಹಾಗಾದರೆ ಅರೇಗಳಿಗೆ ಈ ಕಟ್ಟುಪಾಡು ಏಕಿಲ್ಲ ಎಂದು ಕೇಳಬಹುದು. ಸ್ಟ್ರಿಂಗ್‌ಗಳ ಅರೇಯನ್ನು ಆಬ್ಜೆಕ್ಟ್‌ಗಳ ಅರೇ ಎಂದು ಕರೆದು, ಅದರೊಳಗೆ ಒಂದು ಪೂರ್ಣಾಂಕ ಹಾಕಿದರೂ ಜಾವಾ ಕಂಪೈಲ್ ಮಾಡಿಕೊಡುತ್ತದೆ. ಪ್ರೋಗ್ರಾಂ ಓಡುವಾಗ ಅದೇ ಸಾಲಿನಲ್ಲಿ ಅರೇಸ್ಟೋರ್‌ಎಕ್ಸೆಪ್ಶನ್ ಎಸೆಯುತ್ತದೆ. ಯಾವ ಟೈಪಿನ ಲಿಸ್ಟ್ ಎಂದು ಮೊದಲೇ ಹೇಳಲು ನೆರವಾಗುವ ಜೆನೆರಿಕ್ಸ್ ಇಲ್ಲದ ಆರಂಭದ ದಿನಗಳಲ್ಲಿ ಎಲ್ಲ ಬಗೆಯ ಅರೇಗಳಿಗೂ ಒಂದೇ ಮೆಥಡ್ ಸಾಕಾಗಲೆಂದು ಕೊಟ್ಟ ಸಡಿಲಿಕೆ ಇದು, ಅದನ್ನು ಮಾದರಿಯೆನ್ನಲಾಗದು. 2004ರಲ್ಲಿ ಜಾವಾ 5 ಜೆನೆರಿಕ್ಸ್ ತಂದಾಗ ಲಿಸ್ಟ್‌ನಂಥ ಕಲೆಕ್ಷನ್‌ಗಳಿಗೆ ಈ ಸಡಿಲಿಕೆ ಕೊಡದಿದ್ದುದು ಸರಿಯಾದ ತೀರ್ಮಾನ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಇಷ್ಟೆಲ್ಲ ಬಿಗಿ ಇದ್ದರೂ ಓಡುವಾಗ ಕ್ಲಾಸ್‌ಕಾಸ್ಟ್‌ಎಕ್ಸೆಪ್ಶನ್ ಬರುತ್ತದಲ್ಲ? ಬರುತ್ತದೆ, ನಿಜ. ಹಳೆಯ ಕೋಡ್‌ ಜೊತೆ ಹೊಂದಿಕೊಳ್ಳಬೇಕೆಂದು ಕಂಪೈಲರ್ ತನ್ನ ಪರೀಕ್ಷೆ ಮುಗಿಸಿ ಟೈಪ್ ವಿವರವನ್ನು ಅಳಿಸಿಬಿಡುತ್ತದೆ. ಓಡುವ ಲಿಸ್ಟಿಗೆ ತಾನು ಯಾವುದರ ಲಿಸ್ಟ್ ಎಂಬುದೇ ತಿಳಿಯದು. ಟೈಪ್ ಹೇಳದ ಬರಿಯ ಲಿಸ್ಟ್ ಬಳಸಿ ತಪ್ಪು ವಸ್ತು ಸೇರಿಸಿದರೆ ಸಿಗುವುದು 'ಅನ್‌ಚೆಕ್ಡ್' ಎಂಬ ವಾರ್ನಿಂಗ್ ಮಾತ್ರ. ಎಕ್ಸೆಪ್ಶನ್ ಬೀಳುವುದು ಬೇರೆಲ್ಲೋ, ಆ ವಸ್ತುವನ್ನು ಹೊರತೆಗೆಯುವ ಸಾಲಿನಲ್ಲಿ. ಇದು ಜಾವಾದ ಕೊರತೆಯೇ ಸರಿ. ಆದರೆ ಕಂಪೈಲರ್ ಬಿಗಿಯಾಗಿರಬೇಕೆಂಬ ವಾದಕ್ಕೆ ಇದರಿಂದ ಬಲ ಬರುತ್ತದೆಯೇ ಹೊರತು ಅದು ಸಡಿಲವಾಗುವುದಿಲ್ಲ.

ಎರರ್ ಸಂದೇಶಗಳ ಭಾಷೆ ಒರಟು ಎಂಬ ದೂರು ಮಾತ್ರ ನ್ಯಾಯವಾದದ್ದು. 'ಕ್ಯಾಪ್ಚರ್ ಆಫ್' ಎಂಬ ಮಾತಿರುವ ಸಂದೇಶಗಳನ್ನು ಓದಿ ಅರ್ಥಮಾಡಿಕೊಳ್ಳುವುದು ಅನುಭವಿಗಳಿಗೂ ಕಷ್ಟ. ಆದರೂ ದಾರಿಯಿದೆ. ಮೆಥಡ್ ಲಿಸ್ಟಿನಿಂದ ಓದುವುದಷ್ಟೇ ಆದರೆ ಪ್ರಶ್ನಾರ್ಥಕ ಚಿಹ್ನೆಯ ಜೊತೆ 'ಎಕ್ಸ್‌ಟೆಂಡ್ಸ್ ನಂಬರ್' ಎಂದು ಬರೆಯಿರಿ. ಇಂಟಿಜರ್ ಲಿಸ್ಟೂ ಸಲ್ಲುತ್ತದೆ, ಆದರೆ ಅದಕ್ಕೆ ನಲ್ ಬಿಟ್ಟು ಏನನ್ನೂ ಸೇರಿಸಲಾಗದು. ಇಂಟಿಜರ್ ಸೇರಿಸಬೇಕಿದ್ದರೆ 'ಸೂಪರ್ ಇಂಟಿಜರ್' ಎನ್ನಿ. ಎರರ್ ಕಂಡ ಕೂಡಲೇ ಕಾಸ್ಟ್ ಹಾಕಿ ಅದರ ಬಾಯಿ ಮುಚ್ಚಿಸಬೇಡಿ. ಈ ಮೆಥಡ್ ಓದುತ್ತದೆಯೋ ಸೇರಿಸುತ್ತದೆಯೋ ಎಂದು ಮೊದಲು ನೋಡಿ.